ಬಿದ್ರಿ ಹೂಜಿ, ಬಣ್ಣದ ಹೆಂಚು, 371(ಜೆ) ಪ್ರಮಾಣಪತ್ರ: ಯಾವ ಚಿತ್ರಕ್ಕೆ ಯಾವ ಕಮಾಂಡ್ ಲೈನ್ ಸಾಧನ?

ಬೀದರ್‌ನಲ್ಲಿ ಬಿದ್ರಿ ಸಾಮಾನುಗಳನ್ನು ಆನ್‌ಲೈನ್‌ನಲ್ಲಿ ಮಾರುವವರಿಗೂ, ಕಲಬುರಗಿಯ ಆನ್‌ಲೈನ್ ಸೆಂಟರ್‌ಗಳಲ್ಲಿ ದಿನವಿಡೀ ಅರ್ಜಿ ತುಂಬಿಕೊಡುವವರಿಗೂ, ಸನ್ನತಿಯಿಂದ ಯಾದಗಿರಿ ಕೋಟೆಯವರೆಗೆ ಶಾಸನ ಮತ್ತು ಶಿಲ್ಪಗಳ ಛಾಯಾಚಿತ್ರ ತೆಗೆದು ಸಂಗ್ರಹಿಸುವ ಅಧ್ಯಾಪಕರಿಗೂ ಒಂದು ತೊಂದರೆ ಸಮಾನವಾಗಿದೆ. ಒಂದು ಚಿತ್ರವನ್ನು ಫೋಟೋಶಾಪ್‌ನಲ್ಲೋ ಗಿಂಪ್‌ನಲ್ಲೋ ತೆರೆದು ಸರಿಪಡಿಸುವುದು ಸುಲಭ, ಆದರೆ ನಾನೂರು ಚಿತ್ರಗಳಿಗೆ ಅದೇ ಕೆಲಸವನ್ನು ಕೈಯಾರೆ ಮಾಡುವುದು ಕಷ್ಟ. ಟರ್ಮಿನಲ್ ಎಂಬ, ಆದೇಶ ಟೈಪಿಸುವ ಪರದೆಯಲ್ಲಿ (ಕಮಾಂಡ್ ಲೈನ್) ಒಂದು ಸಾಲಿನ ಆದೇಶ ಕೊಟ್ಟು ಇಡೀ ಫೋಲ್ಡರನ್ನು ಮುಗಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಅವು ಹತ್ತಾರು ಇರುವುದರಿಂದ ಯಾವುದನ್ನು ಆಯ್ದುಕೊಳ್ಳಬೇಕು ಎಂಬಲ್ಲಿ ಗೊಂದಲ ಹುಟ್ಟುತ್ತದೆ.

ಯಾವುದು ವೇಗವಾಗಿದೆ ಎಂಬ ಪಟ್ಟಿಗಳಿಂದ ಈ ಗೊಂದಲ ತೀರುವುದಿಲ್ಲ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಕೆಲಸಕ್ಕೆ ಸಂಕುಚಿಸಿಟ್ಟ ಚಿತ್ರದ ಪಿಕ್ಸೆಲ್‌ಗಳನ್ನು (ಬಣ್ಣದ ಚುಕ್ಕೆಗಳನ್ನು) ಬಿಚ್ಚಿ ಮತ್ತೆ ಕಟ್ಟುವ ಅಗತ್ಯವಿದೆಯೇ, ಇಲ್ಲವೇ? ಜೆಪೆಗ್ ಕಡತವನ್ನು ತೆರೆದು ಮತ್ತೆ ಜೆಪೆಗ್ ಆಗಿ ಉಳಿಸಿದಾಗಲೆಲ್ಲ ಸಾಮಾನ್ಯವಾಗಿ ಸ್ವಲ್ಪ ವಿವರ ಕಳೆದುಹೋಗುತ್ತದೆ, ಮತ್ತು ಕಳೆದದ್ದು ಮರಳಿ ಬರುವುದಿಲ್ಲ. ಆದ್ದರಿಂದ ಬಿಚ್ಚದೆಯೇ ಮುಗಿಯುವ ಕೆಲಸಕ್ಕೆ ಬಿಚ್ಚುವ ಸಾಧನವನ್ನು ಬಳಸಬಾರದು ಎಂಬುದೇ ಈ ಲೇಖನದ ನಿಲುವು.

ಪಿಕ್ಸೆಲ್ ಬಿಚ್ಚದೆ ಆಗುವ ಕೆಲಸಗಳು

ಫೋನನ್ನು ಅಡ್ಡ ಹಿಡಿದರೂ ನೇರ ಹಿಡಿದರೂ ಬಹುತೇಕ ಮೊಬೈಲ್ ಕ್ಯಾಮೆರಾಗಳು ಚಿತ್ರವನ್ನು ಸೆನ್ಸರ್ ಕೊಟ್ಟ ಜೋಡಣೆಯಲ್ಲಿಯೇ ಉಳಿಸಿ, ಎಷ್ಟು ತಿರುಗಿಸಿ ತೋರಿಸಬೇಕು ಎಂಬ ಸೂಚನೆಯನ್ನು ಮಾತ್ರ ಎಕ್ಸಿಫ್ ಎಂಬ, ದಿನಾಂಕ, ಸ್ಥಾನ ಮುಂತಾದ ಮಾಹಿತಿಯಿರುವ ಭಾಗದಲ್ಲಿ ಬರೆದಿಡುತ್ತವೆ. ಈ ಸೂಚನೆಯನ್ನು ಓದದ ಅರ್ಜಿ ಪೋರ್ಟಲ್‌ಗಳಲ್ಲಿ ಅಭ್ಯರ್ಥಿಯ ಮುಖ ಮಲಗಿದಂತೆ ಕಾಣುತ್ತದೆ. ಇದಕ್ಕೆ ಇಮೇಜ್‌ಮ್ಯಾಜಿಕ್ ಎಂಬ ಬಹುಬಳಕೆಯ ಸಾಧನದ ‘ಆಟೋ-ಓರಿಯೆಂಟ್’ ಆಯ್ಕೆ ಸಾಕಾಗುತ್ತದೆಯಾದರೂ, ಅದು ಚಿತ್ರವನ್ನು ಪೂರ್ತಿ ಬಿಚ್ಚಿ ಹೊಸದಾಗಿ ಸಂಕುಚಿಸುತ್ತದೆ. ಜೆಪೆಗ್‌ಟ್ರಾನ್ ಎಂಬ ಸಾಧನ ಹಾಗೆ ಮಾಡುವುದಿಲ್ಲ. ಜೆಪೆಗ್‌ನೊಳಗಿನ 8×8 ಪಿಕ್ಸೆಲ್‌ಗಳ ಚೌಕಗಳನ್ನು ಸಂಕುಚಿತ ರೂಪದಲ್ಲಿಯೇ ಅದಲುಬದಲು ಮಾಡಿ ತಿರುಗಿಸುವುದರಿಂದ ಗುಣಮಟ್ಟ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಎಕ್ಸಿಫ್‌ಟ್ರಾನ್ ಎಂಬ ಚಿಕ್ಕ ಸಾಧನವು ಸೂಚನೆಯನ್ನು ತಾನೇ ಓದಿಕೊಂಡು ಇದೇ ಕೆಲಸವನ್ನು ಮಾಡುತ್ತದೆ.

ಜೆಪೆಗ್‌ಟ್ರಾನ್‌ಗೆ ಎರಡು ಮಿತಿಗಳಿವೆ. ಚಿತ್ರದ ಅಗಲ ಮತ್ತು ಎತ್ತರಗಳು ಚೌಕದ ಅಳತೆಯಿಂದ (ಬಣ್ಣದ ವಿವರವನ್ನು ಅರ್ಧಕ್ಕಿಳಿಸಿದ ಚಿತ್ರಗಳಲ್ಲಿ ಇದು 16 ಪಿಕ್ಸೆಲ್) ನಿಶ್ಶೇಷವಾಗಿ ಭಾಗವಾಗದಿದ್ದರೆ ಅಂಚಿನ ಒಂದು ಪಟ್ಟಿ ಸರಿಯಾಗಿ ತಿರುಗುವುದಿಲ್ಲ. ಅಂಥ ಚಿತ್ರ ಸಿಕ್ಕಾಗ ಕೆಲಸವನ್ನೇ ನಿಲ್ಲಿಸು ಎನ್ನುವ ‘ಪರ್ಫೆಕ್ಟ್’ ಆಯ್ಕೆಯೂ, ಅಂಚನ್ನು ಕತ್ತರಿಸಿಬಿಡು ಎನ್ನುವ ‘ಟ್ರಿಮ್’ ಆಯ್ಕೆಯೂ ಇವೆ. ಎರಡನೆಯದಾಗಿ, ‘ಕಾಪಿ ಆಲ್’ ಎಂದು ಹೇಳದಿದ್ದರೆ ಅದು ಎಕ್ಸಿಫ್ ಮಾಹಿತಿಯನ್ನು ಹೊಸ ಕಡತಕ್ಕೆ ಒಯ್ಯುವುದಿಲ್ಲ. ಚಿತ್ರ ತೆಗೆದ ದಿನಾಂಕವೇ ದಾಖಲೆಯಾಗುವ ಸಂಗ್ರಹಗಳಲ್ಲಿ ಇದನ್ನು ಮರೆಯುವಂತಿಲ್ಲ.

ಮಾಹಿತಿಯನ್ನು ಓದಲು, ಬರೆಯಲು, ಅಳಿಸಲು ಎಕ್ಸಿಫ್‌ಟೂಲ್‌ಗೆ ಸಾಟಿಯಾದದ್ದಿಲ್ಲ. ಅದು ಪಿಕ್ಸೆಲ್‌ಗಳನ್ನು ಮುಟ್ಟುವುದಿಲ್ಲ, ಮತ್ತು ಬೇಡವೆಂದು ಹೇಳದ ಹೊರತು ಮೂಲ ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡೇ ಮುಂದುವರಿಯುತ್ತದೆ. ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಹೊಲಗಳಲ್ಲಿ, ಊರಾಚೆಯ ಗುಡಿಗಳಲ್ಲಿ ಕಾವಲಿಲ್ಲದೆ ನಿಂತ ವೀರಗಲ್ಲುಗಳ ಚಿತ್ರಗಳನ್ನು ಸಾರ್ವಜನಿಕವಾಗಿ ಹಾಕುವವರು ಜಿಪಿಎಸ್ ಸ್ಥಾನವನ್ನು ಇದರಿಂದ ತೆಗೆದುಹಾಕುವುದು ಒಳಿತು, ಏಕೆಂದರೆ ಕಳ್ಳರಿಗೂ ಅದೇ ನಕ್ಷೆ ಸಾಕಾಗುತ್ತದೆ. ಸ್ವಂತ ಸಂಗ್ರಹದ ಪ್ರತಿಯಲ್ಲಿ ಮಾತ್ರ ಸ್ಥಾನವನ್ನು ಉಳಿಸಿಕೊಳ್ಳಬೇಕು. ಕನ್ನಡದಲ್ಲಿ ವಿವರಣೆ ಬರೆಯುವುದಾದರೆ ಎಕ್ಸ್‌ಎಂಪಿ ಎಂಬ ಇನ್ನೊಂದು ಮಾಹಿತಿ ಭಾಗವನ್ನು ಬಳಸುವುದು ಲೇಸು, ಅದು ಯುನಿಕೋಡ್ ಪಠ್ಯಕ್ಕೆಂದೇ ರೂಪುಗೊಂಡಿದೆ. ಎಕ್ಸಿಫ್‌ನ ಹಳೆಯ ವಿವರಣೆ ಖಾನೆಯು ಆಸ್ಕಿ (ಮೂಲ ಇಂಗ್ಲಿಷ್) ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು.

ಮೂರನೆಯದು ಪಿಡಿಎಫ್ ಕಟ್ಟುವ ಕೆಲಸ. ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳು ಸ್ಥಳೀಯ ಮೀಸಲಾತಿಗಾಗಿ 371(ಜೆ) ಪ್ರಮಾಣಪತ್ರವನ್ನು ಅರ್ಜಿಯೊಡನೆ ಲಗತ್ತಿಸಬೇಕಾಗುತ್ತದೆ, ಜೊತೆಗೆ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳೂ ಇರುತ್ತವೆ. ಇಮೇಜ್‌ಮ್ಯಾಜಿಕ್‌ಗೆ ಜೆಪೆಗ್‌ಗಳನ್ನು ಕೊಟ್ಟು ಪಿಡಿಎಫ್ ಕೇಳಿದರೆ ಅದು ಪ್ರತಿಯೊಂದನ್ನೂ ಬಿಚ್ಚಿ ಮತ್ತೆ ಸಂಕುಚಿಸುತ್ತದೆ. ಐಎಂಜಿ-ಟು-ಪಿಡಿಎಫ್ ಎಂಬ ಸಾಧನವಾದರೋ ಜೆಪೆಗ್ ಕಡತವನ್ನು ಇದ್ದಂತೆಯೇ ಪಿಡಿಎಫ್‌ನ ಪುಟದೊಳಗೆ ಇಡುತ್ತದೆ. ಕೆಲಸ ಕ್ಷಣದಲ್ಲಿ ಮುಗಿಯುತ್ತದೆ ಮತ್ತು ಅಕ್ಷರಗಳು ಮಸುಕಾಗುವುದಿಲ್ಲ. ಆದರೆ ಇದರಿಂದ ಕಡತದ ಗಾತ್ರವೂ ಕಡಿಮೆಯಾಗುವುದಿಲ್ಲ. ಪೋರ್ಟಲ್‌ನ ಮಿತಿ ಚಿಕ್ಕದಾಗಿದ್ದರೆ ಮೊದಲು ಚಿತ್ರವನ್ನೇ ಕುಗ್ಗಿಸಬೇಕು. ಎ4 ಹಾಳೆಗೆ 150 ಡಿಪಿಐ (ಅಂಗುಲಕ್ಕೆ 150 ಚುಕ್ಕೆ) ಎಂದರೆ ಸುಮಾರು 1240×1754 ಪಿಕ್ಸೆಲ್, ಓದಲು ಇಷ್ಟು ಸಾಕು. ಗಾತ್ರ ಉಳಿಸುವ ಆತುರದಲ್ಲಿ ಪೂರ್ಣ ಕಪ್ಪು-ಬಿಳುಪಿಗೆ ಇಳಿಸಿದರೆ ತೆಳುವಾಗಿ ಬಿದ್ದ ನೀಲಿ ಮೊಹರು ಮಾಯವಾಗುವ ಸಂಭವವಿದೆ, ಆದ್ದರಿಂದ ಬೂದು ಛಾಯೆಗೆ ಇಳಿಸಿ ನಿಲ್ಲಿಸುವುದು ಸುರಕ್ಷಿತ.

ಇದರ ವಿರುದ್ಧ ದಿಕ್ಕಿನ ಕೆಲಸದಲ್ಲಿಯೂ ಇದೇ ವ್ಯತ್ಯಾಸವಿದೆ. ಇಮೇಜ್‌ಮ್ಯಾಜಿಕ್ ಪಿಡಿಎಫ್ ಪುಟವನ್ನು ಗೋಸ್ಟ್‌ಸ್ಕ್ರಿಪ್ಟ್ ಎಂಬ ಬೇರೊಂದು ತಂತ್ರಾಂಶದ ಮೂಲಕ ಚಿತ್ರವಾಗಿಸಿ ಓದುತ್ತದೆ, ‘ಡೆನ್ಸಿಟಿ’ ಹೇಳದಿದ್ದರೆ 72 ಡಿಪಿಐಯ ಮಸುಕು ಚಿತ್ರ ಕೈಗೆ ಬರುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್‌ನೊಳಗಿನ ಮೂಲ ಜೆಪೆಗ್‌ಗಳೇ ಬೇಕಾದಾಗ ಪಾಪ್ಲರ್ ಎಂಬ ಪಿಡಿಎಫ್ ತಂತ್ರಾಂಶದ ಜೊತೆ ಬರುವ ಪಿಡಿಎಫ್‌ಇಮೇಜಸ್ ಅವನ್ನು ಹಾಗೆಯೇ ಹೊರತೆಗೆದುಕೊಡುತ್ತದೆ.

ಬಿಚ್ಚಲೇಬೇಕಾದಾಗ: ಮೂರು ಹೆಸರುಗಳು

ಗಾತ್ರ ಬದಲಾಯಿಸುವುದು, ಬೆಳಕು ತಿದ್ದುವುದು, ಒಂದರ ಮೇಲೊಂದು ಚಿತ್ರವಿಡುವುದು, ಒಂದು ಕಡತ ವಿನ್ಯಾಸದಿಂದ (ಫಾರ್ಮ್ಯಾಟ್) ಇನ್ನೊಂದಕ್ಕೆ ಪರಿವರ್ತಿಸುವುದು ಇವೆಲ್ಲ ಪಿಕ್ಸೆಲ್‌ಗಳನ್ನು ಬಿಚ್ಚದೆ ಆಗುವ ಕೆಲಸಗಳಲ್ಲ. ಇಲ್ಲಿ ಇಮೇಜ್‌ಮ್ಯಾಜಿಕ್, ಗ್ರಾಫಿಕ್ಸ್‌ಮ್ಯಾಜಿಕ್, ಲಿಬ್‌ವಿಪ್ಸ್ ಎಂಬ ಮೂರರ ನಡುವೆ ಆಯ್ಕೆ ನಡೆಯುತ್ತದೆ.

ಇಮೇಜ್‌ಮ್ಯಾಜಿಕ್‌ನ ಕೆಲಸ 1987ರಲ್ಲಿ ಡುಪಾಂಟ್ ಕಂಪನಿಯಲ್ಲಿದ್ದ ಜಾನ್ ಕ್ರಿಸ್ಟಿ ಅವರಿಂದ ಆರಂಭವಾಗಿ, 1990ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. 200ಕ್ಕೂ ಹೆಚ್ಚು ಬಗೆಯ ಕಡತಗಳನ್ನು ಅದು ಓದಬಲ್ಲದು. ಐಫೋನ್‌ನ ಎಚ್‌ಇಐಸಿ ಚಿತ್ರವನ್ನು ತೆರೆದು, ನೆಟ್ಟಗೆ ಮಾಡಿ, ಕತ್ತರಿಸಿ, ಅಂಚು ಕಟ್ಟಿ, ಮೇಲೆ ಗುರುತು ಹಾಕಿ ಜೆಪೆಗ್ ಆಗಿ ಉಳಿಸುವ ಇಡೀ ಸರಣಿಯನ್ನು ಒಂದೇ ಆದೇಶದಲ್ಲಿ ಬರೆಯಬಹುದಾದ್ದರಿಂದ ಸಾಮಾನ್ಯ ಬಳಕೆದಾರನಿಗೆ ಮೊದಲ ಆಯ್ಕೆ ಇದೇ. ಅರ್ಜಿ ತುಂಬುವ ಅಂಗಡಿಗಳಿಗಂತೂ ಇದರಲ್ಲಿರುವ ‘ಜೆಪೆಗ್ ಎಕ್ಸ್‌ಟೆಂಟ್’ ಎಂಬ ವ್ಯವಸ್ಥೆ ಬಹಳ ಉಪಯುಕ್ತ. ಭಾವಚಿತ್ರ 50 ಕೆಬಿ ಮೀರಬಾರದು, ಸಹಿ 20 ಕೆಬಿ ಮೀರಬಾರದು ಎಂಬ ನಿಯಮವಿದ್ದಾಗ ಆ ಮಿತಿಯನ್ನೇ ಹೇಳಿದರೆ ಸಾಕು, ಅದಕ್ಕೆ ಹೊಂದುವ ಗುಣಮಟ್ಟವನ್ನು ತಂತ್ರಾಂಶವೇ ಹುಡುಕಿಕೊಳ್ಳುತ್ತದೆ. ಇದಕ್ಕೂ ಮೊದಲು ಪಿಕ್ಸೆಲ್ ಅಳತೆಯನ್ನು ಇಳಿಸಿರಬೇಕು. ನಾಲ್ಕು ಸಾವಿರ ಪಿಕ್ಸೆಲ್ ಅಗಲದ ಫೋಟೋವನ್ನು ಅದೇ ಅಗಲದಲ್ಲಿ 50 ಕೆಬಿಗೆ ಒತ್ತಿದರೆ ಮುಖದ ಬದಲು ಚೌಕಗಳು ಕಾಣುತ್ತವೆ.

ಇದರ ಅಪಾಯಗಳನ್ನೂ ಹೇಳಬೇಕು. ‘ಮೊಗ್ರಿಫೈ’ ಎಂಬ ಉಪ-ಆದೇಶವು ಮೂಲ ಕಡತದ ಮೇಲೆಯೇ ಬರೆಯುತ್ತದೆ. ಬೇರೆ ಫೋಲ್ಡರಿನ ದಾರಿಯನ್ನು ‘ಪಾತ್’ ಆಯ್ಕೆಯಲ್ಲಿ ಕೊಡದೆ ಅದನ್ನು ಮೂಲ ಸಂಗ್ರಹದ ಮೇಲೆ ಓಡಿಸಬಾರದು. ‘ದೊಡ್ಡದಿದ್ದರೆ ಮಾತ್ರ ಕುಗ್ಗಿಸು’ ಎಂದು ಹೇಳುವ ‘>’ ಚಿಹ್ನೆಯನ್ನು ಉದ್ಧರಣ ಚಿಹ್ನೆಗಳೊಳಗೆ ಇಡದಿದ್ದರೆ ಟರ್ಮಿನಲ್ ಅದನ್ನು ಬೇರೆ ಕಡತಕ್ಕೆ ಬರೆಯುವ ಸೂಚನೆಯೆಂದು ತಿಳಿಯುತ್ತದೆ. ‘ಸ್ಟ್ರಿಪ್’ ಆಯ್ಕೆಯು ಎಕ್ಸಿಫ್ ಜೊತೆಗೆ, ಬಣ್ಣಗಳನ್ನು ಹೇಗೆ ತೋರಿಸಬೇಕೆಂದು ಹೇಳುವ ಪ್ರೊಫೈಲನ್ನೂ ಕಿತ್ತುಹಾಕುತ್ತದೆ. ಇತ್ತೀಚಿನ ಐಫೋನ್‌ಗಳು ವಿಸ್ತಾರವಾದ ಡಿಸ್‌ಪ್ಲೇ ಪಿ3 ಬಣ್ಣಗಳಲ್ಲಿ ಚಿತ್ರ ತೆಗೆಯುವುದರಿಂದ, ಮೊದಲು ಸಾಮಾನ್ಯ ಬಳಕೆಯ ಎಸ್‌ಆರ್‌ಜಿಬಿ ಬಣ್ಣಗಳಿಗೆ ಪರಿವರ್ತಿಸದೆ ಪ್ರೊಫೈಲ್ ಕಿತ್ತರೆ ಬಣ್ಣಗಳೆಲ್ಲ ಸಪ್ಪೆಯಾಗುತ್ತವೆ. ‘ಫೋನಿನಲ್ಲಿ ಚೆನ್ನಾಗಿತ್ತು, ಹಾಕಿದ ಮೇಲೆ ಕಳೆ ಹೋಯಿತು’ ಎಂಬ ದೂರಿಗೆ ಇದೂ ಒಂದು ಕಾರಣ.

ಗ್ರಾಫಿಕ್ಸ್‌ಮ್ಯಾಜಿಕ್ 2002ರಲ್ಲಿ ಇಮೇಜ್‌ಮ್ಯಾಜಿಕ್‌ನ 5.5.2 ಆವೃತ್ತಿಯಿಂದ ಕವಲೊಡೆದದ್ದು. ಆದೇಶಗಳು ಹೆಚ್ಚುಕಡಿಮೆ ಅವೇ, ಮುಂದೆ ‘ಜಿಎಂ’ ಎಂದು ಸೇರಿಸಿದರಾಯಿತು. ಆದೇಶಗಳ ರೀತಿ ವರ್ಷಗಟ್ಟಲೆ ಬದಲಾಗದಿರುವುದೇ ಅದರ ಹಿರಿಮೆ, ಹೊಸ ಸೌಲಭ್ಯಗಳು ಕಡಿಮೆ ಇರುವುದೇ ಕೊರತೆ. ಹಳೆಯ ಸ್ಕ್ರಿಪ್ಟ್‌ಗಳು ಅದರ ಮೇಲೆ ನಿಂತಿದ್ದರೆ ಬದಲಿಸಬೇಕಾಗಿಲ್ಲ. ಹೊಸದಾಗಿ ಕಲಿಯುವವರು ಅದನ್ನು ಆಯ್ದುಕೊಳ್ಳಲು ನನಗೆ ಬಲವಾದ ಕಾರಣ ಕಾಣುವುದಿಲ್ಲ.

ಲಿಬ್‌ವಿಪ್ಸ್‌ನ ಹುಟ್ಟು ವಸ್ತುಸಂಗ್ರಹಾಲಯದ ಲೋಕದ್ದು. ಲಂಡನ್ನಿನ ನ್ಯಾಷನಲ್ ಗ್ಯಾಲರಿ ಪಾಲ್ಗೊಂಡಿದ್ದ ವಸಾರಿ ಎಂಬ ಯುರೋಪಿನ ಯೋಜನೆಯಲ್ಲಿ, ವರ್ಣಚಿತ್ರಗಳನ್ನು ಅತಿ ದೊಡ್ಡ ಅಳತೆಯಲ್ಲಿ ದಾಖಲಿಸುವ ಅಗತ್ಯದಿಂದ ಅದು ಬೆಳೆಯಿತು. ಆಗಿನ ಕಂಪ್ಯೂಟರುಗಳಲ್ಲಿ ಮೆಮೊರಿ ಅತ್ಯಲ್ಪವಾಗಿದ್ದುದರಿಂದ, ಇಡೀ ಚಿತ್ರವನ್ನು ಒಮ್ಮೆಲೇ ತುಂಬಿಕೊಳ್ಳದೆ ಬೇಕಾದ ತುಣುಕನ್ನಷ್ಟೇ ಬೇಕಾದಾಗ ಓದಿ ಸಂಸ್ಕರಿಸಿ ಮುಂದೆ ಕಳಿಸುವ ಕ್ರಮವನ್ನು ಅದು ರೂಢಿಸಿಕೊಂಡಿತು. ಆ ಕ್ರಮದ ಲಾಭ ಇಂದು ನಾಲ್ಕು ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರ್ ಇರುವ ಕಾಲೇಜಿಗೂ ಸಿಗುತ್ತದೆ. ಇಮೇಜ್‌ಮ್ಯಾಜಿಕ್ 7ರ ಸಾಮಾನ್ಯ ಕಟ್ಟಣೆಯಲ್ಲಿ (ಬಿಲ್ಡ್) ಪ್ರತಿ ಪಿಕ್ಸೆಲ್‌ನ ಪ್ರತಿ ಬಣ್ಣಕ್ಕೆ 4 ಬೈಟ್ ಬೇಕಾಗುತ್ತದೆ, ಎಂದರೆ 24 ಮೆಗಾಪಿಕ್ಸೆಲ್‌ನ ಒಂದೇ ಚಿತ್ರ ಬಿಚ್ಚಿಕೊಂಡಾಗ ಮೂರು ಬಣ್ಣಗಳಿಗೇ ಸುಮಾರು 288 ಎಂಬಿ ಹಿಡಿಯುತ್ತದೆ. ಅದೇ ಚಿತ್ರವನ್ನು ಲಿಬ್‌ವಿಪ್ಸ್‌ನ ವಿಪ್ಸ್‌ಥಂಬ್‌ನೇಲ್ ಆದೇಶ ಕುಗ್ಗಿಸುವಾಗ ಜೆಪೆಗ್ಗನ್ನು ಓದುತ್ತಿರುವಂತೆಯೇ ಅರ್ಧಕ್ಕೋ ಕಾಲಿಗೋ ಇಳಿಸಿಕೊಳ್ಳುವುದರಿಂದ ಮೆಮೊರಿಯೂ ಸಮಯವೂ ಬಹಳ ಉಳಿಯುತ್ತವೆ.

ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯಲ್ಲಿ ‘ರಾಯೋ ಅಸೋಕೋ’ ಎಂಬ ಬ್ರಾಹ್ಮೀ ಬರಹವುಳ್ಳ ಶಿಲ್ಪಫಲಕ ದೊರೆತ ಸ್ತೂಪವಿದೆ. ಅಂಥ ಫಲಕಗಳನ್ನು ಭಾಗಭಾಗವಾಗಿ ಚಿತ್ರಿಸಿ ಹೊಲಿದರೆ ಮೂವತ್ತು ಸಾವಿರ ಪಿಕ್ಸೆಲ್ ಅಗಲದ ಟಿಫ್ ಕಡತ ಸಲೀಸಾಗಿ ಆಗಿಬಿಡುತ್ತದೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಹಲವು ಆವೃತ್ತಿಗಳಲ್ಲಿ ಇಮೇಜ್‌ಮ್ಯಾಜಿಕ್‌ಗೆ ಮಿತಿ ಹಾಕುವ ಪಾಲಿಸಿ ಕಡತವು 16 ಸಾವಿರ ಪಿಕ್ಸೆಲ್‌ಗಿಂತ ಹೆಚ್ಚು ಅಗಲದ ಚಿತ್ರವನ್ನು ತೆರೆಯಲೇ ಬಿಡುವುದಿಲ್ಲ, ಮಿತಿಯನ್ನು ಸಡಿಲಿಸಿದರೂ ಹಾರ್ಡ್ ಡಿಸ್ಕ್ ಗಿರಗಿರ ತಿರುಗುತ್ತ ಕೂರುತ್ತದೆ. ಇಲ್ಲಿ ಲಿಬ್‌ವಿಪ್ಸ್‌ಗೆ ಪರ್ಯಾಯವಿಲ್ಲ. ಅದರ ‘ಡಿಝೆಡ್‌ಸೇವ್’ ಕ್ರಿಯೆಯು ದೊಡ್ಡ ಚಿತ್ರವನ್ನು ಸಣ್ಣ ತುಣುಕುಗಳ ಪಿರಮಿಡ್ಡಾಗಿ ಒಡೆದುಕೊಡುತ್ತದೆ. ನಕ್ಷೆಯಂತೆ ಹಿಗ್ಗಿಸಿ ನೋಡುವ ಪುಟವನ್ನು ಅದರಿಂದ ಮಾಡಿದರೆ, ನೋಡುಗನ ಮೊಬೈಲ್‌ಗೆ ಅವನು ನೋಡುತ್ತಿರುವ ಭಾಗವಷ್ಟೇ ಇಳಿಯುತ್ತದೆ. ತುಣುಕುಗಳು ಸಾವಿರಾರು ಆಗುವುದರಿಂದ, ಪೆನ್‌ಡ್ರೈವ್‌ನಲ್ಲಿ ಒಯ್ಯುವುದಿದ್ದರೆ ಎಲ್ಲವನ್ನೂ ಒಂದೇ ಜಿಪ್ ಕಡತವಾಗಿ ಬರೆಯುವಂತೆ ಹೇಳಬಹುದು.

ಲಿಬ್‌ವಿಪ್ಸ್‌ನ ದೋಷವೆಂದರೆ ಅದರ ಆದೇಶ ಸಾಲು ಒಮ್ಮೆಗೆ ಒಂದೇ ಕ್ರಿಯೆಯನ್ನು ಮಾಡುತ್ತದೆ. ಐದು ಹಂತಗಳ ಕೆಲಸಕ್ಕೆ ನಡುವೆ ನಾಲ್ಕು ತಾತ್ಕಾಲಿಕ ಕಡತಗಳು ಬೇಕಾಗುತ್ತವೆ, ಇಲ್ಲವೇ ಪೈಥಾನ್‌ನಲ್ಲಿ ಬರೆಯಬೇಕಾಗುತ್ತದೆ. ತೊಂಬತ್ತು ಡಿಗ್ರಿ ತಿರುಗಿಸುವಂಥ ಕ್ರಿಯೆಗಳಲ್ಲಿ ತುಣುಕಿನ ಕ್ರಮ ಕೆಲಸಕ್ಕೆ ಬಾರದೆ ಇಡೀ ಚಿತ್ರವನ್ನು ಹಿಡಿದಿಟ್ಟುಕೊಳ್ಳಬೇಕಾಗುವುದೂ ಉಂಟು. ಆದುದರಿಂದ ಕುಗ್ಗಿಸುವ ಕೆಲಸ ರಾಶಿಯಾಗಿದ್ದಾಗ ಅಥವಾ ಚಿತ್ರ ಬೃಹತ್ತಾಗಿದ್ದಾಗ ಲಿಬ್‌ವಿಪ್ಸ್, ಹಂತಗಳು ಹಲವಾಗಿದ್ದು ಚಿತ್ರ ಸಾಧಾರಣ ಅಳತೆಯದಾಗಿದ್ದಾಗ ಇಮೇಜ್‌ಮ್ಯಾಜಿಕ್ ಎಂದು ವಿಭಾಗಿಸಿಕೊಳ್ಳುವುದು ನನಗೆ ಸರಿಯೆನಿಸಿದೆ.

ಕಪ್ಪು-ಬೆಳ್ಳಿ ಮತ್ತು ನೀಲಿ-ಹಳದಿ

ಸಂಸ್ಕರಿಸಿದ ಮೇಲೆ ಯಾವ ವಿನ್ಯಾಸದಲ್ಲಿ, ಎಷ್ಟು ಗುಣಮಟ್ಟದಲ್ಲಿ ಉಳಿಸಬೇಕೆಂಬುದು ಚಿತ್ರದೊಳಗೆ ಏನಿದೆ ಎಂಬುದನ್ನು ಅವಲಂಬಿಸುತ್ತದೆ. ಬೀದರ್ ಒಂದೇ ಊರಿನ ಎರಡು ವಸ್ತುಗಳು ಇದನ್ನು ಚೆನ್ನಾಗಿ ತೋರಿಸುತ್ತವೆ.

ಬಿದ್ರಿ ಪಾತ್ರೆ ಸತು-ತಾಮ್ರದ ಮಿಶ್ರಲೋಹದ್ದು. ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ ಮೈಯಲ್ಲಿ ಬೆಳ್ಳಿಯ ತಂತಿ ಮತ್ತು ತಗಡು ಹೊಳೆಯುತ್ತವೆ. ಚಿತ್ರದಲ್ಲಿ ಬಣ್ಣವೆಂಬುದು ಬಹುತೇಕ ಇಲ್ಲ, ಇರುವುದೆಲ್ಲ ಬೆಳಕಿನ ವ್ಯತ್ಯಾಸ. ಆದ್ದರಿಂದ ಜೆಪೆಗ್ ಬಣ್ಣದ ವಿವರವನ್ನು ಅರ್ಧಕ್ಕಿಳಿಸಿದರೂ ಇದಕ್ಕೆ ಹೆಚ್ಚಿನ ಹಾನಿಯಿಲ್ಲ. ಹಾನಿ ಬೇರೆಡೆ ಇದೆ: ಗಾಢ ಕಪ್ಪಿನ ಪಕ್ಕದ ತೆಳುವಾದ ಬಿಳಿ ಗೆರೆಯ ಸುತ್ತ ಕಡಿಮೆ ಗುಣಮಟ್ಟದ ಜೆಪೆಗ್ ಸೊಳ್ಳೆ ಮುತ್ತಿದಂಥ ಚುಕ್ಕೆಗಳನ್ನು ಬಿಡುತ್ತದೆ. ಖರೀದಿಸುವವನ ಕಣ್ಣಿಗೆ ಅದು ಕುಸುರಿಯ ಒರಟುತನವಾಗಿ ಕಾಣುತ್ತದೆ. ಅಂಚನ್ನು ಚುರುಕುಗೊಳಿಸುವ ‘ಶಾರ್ಪನ್’ ಕ್ರಿಯೆಯನ್ನು ಅತಿಯಾಗಿ ಬಳಸಿದರೆ ಈ ದೋಷ ಇನ್ನೂ ಹೆಚ್ಚುತ್ತದೆ. ಅಳತೆಯನ್ನು ಸ್ವಲ್ಪ ಇಳಿಸಿಯಾದರೂ ಗುಣಮಟ್ಟದ ಅಂಕಿಯನ್ನು ಏರಿಸಿಡುವುದು ಇಲ್ಲಿನ ಉಪಾಯ. ಮೊಝಿಲ್ಲಾದವರ ಮೊಝ್‌ಜೆಪೆಗ್ ಅಷ್ಟೇ ಗಾತ್ರದಲ್ಲಿ ಸಾಮಾನ್ಯ ಜೆಪೆಗ್‌ಗಿಂತ ಹೆಚ್ಚು ವಿವರ ಉಳಿಸುತ್ತದೆ, ಮತ್ತು ಅದರ ಫಲ ಎಲ್ಲೆಡೆ ತೆರೆದುಕೊಳ್ಳುವ ಸಾಧಾರಣ ಜೆಪೆಗ್ಗೇ ಆಗಿರುತ್ತದೆ. ಸಿವೆಬ್‌ಪಿ ಎಂಬ ಸಾಧನದಿಂದ ಮಾಡಿದ ವೆಬ್‌ಪಿ ವಿನ್ಯಾಸದ ಕಡತ ಕೂಡ ಬಿದ್ರಿಗೆ ಹೊಂದುತ್ತದೆ.

1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನ್ ಮದರಸಾದ ಮಾತು ಬೇರೆ. ಅದರ ಮುಖಭಾಗದಲ್ಲಿ, ಉಳಿದಿರುವ ಮಿನಾರಿನ ಮೇಲೆ ನೀಲಿ, ಹಳದಿ, ಬಿಳಿ ಹೆಂಚುಗಳ ತುಣುಕುಗಳು ಇನ್ನೂ ಇವೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿಯೂ ಬಣ್ಣದ ಹೆಂಚಿನ ಕೆಲಸವಿದೆ. ಒಂದು ಬಣ್ಣ ಮುಗಿದು ಇನ್ನೊಂದು ಆರಂಭವಾಗುವ ಗೆರೆಯೇ ಇಲ್ಲಿ ವಿನ್ಯಾಸ. ಬಣ್ಣದ ವಿವರ ಅರ್ಧಕ್ಕಿಳಿದರೆ ನೀಲಿ ಹಳದಿಯೊಳಗೆ ಸೋರಿದಂತಾಗುತ್ತದೆ. ಇಮೇಜ್‌ಮ್ಯಾಜಿಕ್ ಮತ್ತು ಲಿಬ್‌ವಿಪ್ಸ್ ಎರಡೂ ಗುಣಮಟ್ಟದ ಅಂಕಿ 90 ಅಥವಾ ಅದಕ್ಕಿಂತ ಹೆಚ್ಚಾದಾಗ ಸಾಮಾನ್ಯವಾಗಿ ಬಣ್ಣದ ವಿವರವನ್ನು ಪೂರ್ಣವಾಗಿ ಉಳಿಸುತ್ತವೆ, ಅದಕ್ಕಿಂತ ಕೆಳಗಾದರೆ 4:4:4 (ಬಣ್ಣದ ಪೂರ್ಣ ವಿವರ) ಎಂದು ನಾವೇ ಹೇಳಬೇಕು. ವೆಬ್‌ಪಿಯ ನಷ್ಟಸಹಿತ ರೂಪಕ್ಕೆ ಈ ಸಾಧ್ಯತೆಯೇ ಇಲ್ಲ. ಅದು ಸದಾ 4:2:0 (ಅರ್ಧಕ್ಕಿಳಿಸಿದ ಬಣ್ಣದ ವಿವರ), ‘ಶಾರ್ಪ್ ವೈಯುವಿ’ ಆಯ್ಕೆಯಿಂದ ಸ್ವಲ್ಪ ಸುಧಾರಿಸಬಹುದು ಅಷ್ಟೆ. ಹೆಂಚಿನ ಚಿತ್ರವನ್ನು ಚಿಕ್ಕ ಗಾತ್ರದಲ್ಲಿಯೂ ಪೂರ್ಣ ಬಣ್ಣದಲ್ಲಿಯೂ ಇಡಬೇಕೆಂದರೆ ಎವಿಫೆಂಕ್ ಎಂಬ ಸಾಧನ ಬಳಸಿ ಎವಿಐಎಫ್ ವಿನ್ಯಾಸದ ಕಡತ ಮಾಡುವುದು ಉತ್ತಮ, ಆದರೆ ಅದು ನಿಧಾನ ಎಂಬುದನ್ನು ಒಪ್ಪಿಕೊಂಡಿರಬೇಕು.

ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ. ಗುಣಮಟ್ಟ ಹೇಳದಿದ್ದರೆ ಸಿವೆಬ್‌ಪಿ ಮತ್ತು ಲಿಬ್‌ವಿಪ್ಸ್ 75 ಎಂದು ಭಾವಿಸುತ್ತವೆ, ಇಮೇಜ್‌ಮ್ಯಾಜಿಕ್ ಮೂಲ ಜೆಪೆಗ್‌ನ ಗುಣಮಟ್ಟವನ್ನು ಅಂದಾಜಿಸಿ ಅದನ್ನೇ ಬಳಸುತ್ತದೆ, ಅಂದಾಜು ಸಿಗದಿದ್ದರೆ 92. ಏನನ್ನೂ ಹೇಳದೆ ಮೂರನ್ನೂ ಓಡಿಸಿ ‘ಇದರ ಕಡತ ಚಿಕ್ಕದು’ ಎಂದು ತೀರ್ಮಾನಿಸುವ ಹೋಲಿಕೆಗಳು ಅರ್ಥಹೀನ. ಒಂದು ವಿನ್ಯಾಸದ 80 ಇನ್ನೊಂದರ 80ಕ್ಕೆ ಸಮವೂ ಅಲ್ಲ. ನೂರು ಪ್ರತಿಶತ ಅಳತೆಯಲ್ಲಿ ತೆರೆದು ಅಕ್ಕಪಕ್ಕ ಇಟ್ಟು ನೋಡುವುದೇ ನಂಬಬಹುದಾದ ಪರೀಕ್ಷೆ.

ಪಿಎನ್‌ಜಿ ಬೇಕಾಗುವುದು ಬಿದ್ರಿಯ ನಕಾಶೆ ರೇಖಾಚಿತ್ರ, ಪಾರದರ್ಶಕ ಹಿನ್ನೆಲೆಯ ಲೋಗೋ, ಸ್ಕ್ರೀನ್‌ಶಾಟ್‌ಗಳಿಗೆ. ಪಿಎನ್‌ಜಿಕ್ವಾಂಟ್ ಬಣ್ಣಗಳನ್ನು 256ಕ್ಕೆ ಇಳಿಸಿ ಗಾತ್ರವನ್ನು ಬಹಳ ತಗ್ಗಿಸುತ್ತದೆ, ಆಕ್ಸಿಪಿಎನ್‌ಜಿ ಒಂದು ಪಿಕ್ಸೆಲ್ಲನ್ನೂ ಬದಲಿಸದೆ ತಗ್ಗಿಸಬಹುದಾದಷ್ಟನ್ನು ತಗ್ಗಿಸುತ್ತದೆ. ಶಾಸನಗಳ ಮೂಲ ಪ್ರತಿಗಳನ್ನು ಇವಾವುದಕ್ಕೂ ಒಪ್ಪಿಸದೆ ಕ್ಯಾಮೆರಾದ ರಾ (ಸಂಸ್ಕರಿಸದ) ಕಡತವಾಗಿಯೋ 16 ಬಿಟ್‌ನ ಟಿಫ್ ಆಗಿಯೋ ಇಡಬೇಕು. ಸವೆದ ಅಕ್ಷರದ ಆಳವಿಲ್ಲದ ಗೆರೆಯನ್ನು ಕಾಣಿಸಲು ಇಮೇಜ್‌ಮ್ಯಾಜಿಕ್‌ನ ‘ಕ್ಲಾಹೆ’ ಅಥವಾ ಲಿಬ್‌ವಿಪ್ಸ್‌ನ ‘ಹಿಸ್ಟ್-ಲೋಕಲ್’ ಬಳಸಿ ಸ್ಥಳೀಯ ಬೆಳಕಿನ ಅಂತರವನ್ನು ಹಿಗ್ಗಿಸಿದಾಗ, ಜೆಪೆಗ್ ಮೂಲವಾಗಿದ್ದರೆ ಅದರ ಚೌಕಗಳೂ ಹಿಗ್ಗಿ ಅಕ್ಷರದ ಗೆರೆಯೆಂಬ ಭ್ರಮೆ ಹುಟ್ಟಿಸುತ್ತವೆ.

ಚಿತ್ರದ ಮೇಲೆ ಕನ್ನಡ ಬರೆಯುವಾಗ

ಇಂಗ್ಲಿಷ್‌ನ ಹೋಲಿಕೆ ಲೇಖನಗಳಲ್ಲಿ ಸಾಮಾನ್ಯವಾಗಿ ಬಾರದ, ನಮಗೆ ಮಾತ್ರ ನಿರ್ಣಾಯಕವಾದ ವಿಷಯವಿದು. ಕನ್ನಡದಲ್ಲಿ ಗುಣಿತಾಕ್ಷರವೂ ಒತ್ತಕ್ಷರವೂ ಸರಿಯಾಗಿ ಕೂಡಿಕೊಳ್ಳಬೇಕಾದರೆ ಹಾರ್ಫ್‌ಬಜ್‌ನಂಥ ಜೋಡಣಾ ಯಂತ್ರ ಬೇಕು. ಇಮೇಜ್‌ಮ್ಯಾಜಿಕ್‌ನ ‘ಆನೊಟೇಟ್’ ಆಯ್ಕೆಯು ರಾಕ್ಮ್ ಎಂಬ ತಂತ್ರಾಂಶ ಗ್ರಂಥಾಲಯದೊಡನೆ (ಲೈಬ್ರರಿ) ಕಟ್ಟಿದ್ದರೆ ಮಾತ್ರ ಹಾರ್ಫ್‌ಬಜ್ ಬಳಸುತ್ತದೆ, ಇಲ್ಲದಿದ್ದರೆ ‘ಬಿದ್ರಿ’ ಎಂಬುದು ಬಿಡಿಬಿಡಿಯಾದ ಅಕ್ಷರ ಮತ್ತು ಚಿಹ್ನೆಗಳಾಗಿ ಹರಡಿಕೊಳ್ಳುತ್ತದೆ. ಆವೃತ್ತಿ ಕೇಳುವ ಆದೇಶ ಕೊಟ್ಟಾಗ ಬರುವ ಪಟ್ಟಿಯಲ್ಲಿ ರಾಕ್ಮ್ ಅಥವಾ ಪಠ್ಯ ಜೋಡಿಸುವ ಇನ್ನೊಂದು ಗ್ರಂಥಾಲಯವಾದ ಪ್ಯಾಂಗೋ ಇದೆಯೇ ಎಂದು ನೋಡಿಕೊಳ್ಳಬೇಕು. ಪ್ಯಾಂಗೋ ಇದ್ದರೆ ಅದರ ಮೂಲಕ ಬರೆಸುವುದೇ ಹೆಚ್ಚು ಭರವಸೆಯ ದಾರಿ. ಲಿಬ್‌ವಿಪ್ಸ್‌ನ ‘ಟೆಕ್ಸ್ಟ್’ ಕ್ರಿಯೆಯು ಪ್ಯಾಂಗೋವನ್ನೇ ಅವಲಂಬಿಸಿರುವುದರಿಂದ ಅಲ್ಲಿ ಕನ್ನಡ ಸರಿಯಾಗಿ ಬರುತ್ತದೆ. ಗ್ರಾಫಿಕ್ಸ್‌ಮ್ಯಾಜಿಕ್‌ನಿಂದ ಕನ್ನಡ ಬರೆಸುವ ಪ್ರಯತ್ನ ಬೇಡ. ವಿಡಿಯೋ ಸಾಧನವಾದ ಎಫ್‌ಎಫ್‌ಎಂಪೆಗ್‌ನ ‘ಡ್ರಾಟೆಕ್ಸ್ಟ್’ 6.1ನೇ ಆವೃತ್ತಿಯಿಂದ ಹಾರ್ಫ್‌ಬಜ್ ಬಳಸುತ್ತಿದೆ, ಅದಕ್ಕಿಂತ ಹಳೆಯದನ್ನು ನೆಚ್ಚಿಕೊಳ್ಳಬಾರದು.

ಫಾಂಟ್ ಯುನಿಕೋಡ್‌ನದಾಗಿರಬೇಕು, ನೋಟೋ ಸಾನ್ಸ್ ಕನ್ನಡ ಎಲ್ಲೆಡೆ ಸಿಗುತ್ತದೆ. ನುಡಿಯ ಹಳೆಯ ಆಸ್ಕಿ ವಿಧಾನದಲ್ಲಿ ಟೈಪಿಸಿದ ಪಠ್ಯವನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ, ಅದನ್ನು ಮೊದಲು ಪರಿವರ್ತಿಸಿಕೊಳ್ಳಬೇಕು. ವಿಂಡೋಸ್‌ನ ಆದೇಶ ಪರದೆಯಲ್ಲಿ ಕನ್ನಡ ಟೈಪಿಸುವುದು ತೊಡಕಾದರೆ ಪಠ್ಯವನ್ನು ಯುಟಿಎಫ್-8 ಕಡತದಲ್ಲಿ ಬರೆದು, ಆ ಕಡತದಿಂದ ಓದಿಕೊಳ್ಳುವಂತೆ ಇಮೇಜ್‌ಮ್ಯಾಜಿಕ್‌ಗೆ ಹೇಳಬಹುದು. ಲಿನಕ್ಸ್‌ನ ಕೆಲವು ವಿತರಣೆಗಳಲ್ಲಿ ಪಾಲಿಸಿ ಕಡತ ಇದನ್ನೂ ತಡೆಯುತ್ತದೆ.

ಆ ಪಾಲಿಸಿ ಕಡತವನ್ನು ಶಪಿಸಿ ಪೂರ್ತಿ ಅಳಿಸಿಬಿಡುವವರಿದ್ದಾರೆ. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಬೇಕಾದ ಒಂದು ಸಾಲನ್ನು ಸಡಿಲಿಸಿಕೊಂಡರೆ ತೊಂದರೆಯಿಲ್ಲ. ಆದರೆ 2016ರಲ್ಲಿ ‘ಇಮೇಜ್‌ಟ್ರಾಜಿಕ್’ ಎಂದು ಹೆಸರಾದ ದೋಷವು, ಬೇಕೆಂದೇ ಹೊಸೆದ ಒಂದು ಚಿತ್ರವನ್ನು ಅಪ್‌ಲೋಡ್ ಮಾಡಿ ಸರ್ವರ್‌ನ ಮೇಲೆ ಬೇಕಾದ ಆದೇಶವನ್ನು ಓಡಿಸಲು ದಾರಿ ಮಾಡಿಕೊಟ್ಟಿತ್ತು. ಅಪರಿಚಿತರ ಚಿತ್ರಗಳನ್ನು ಸ್ವೀಕರಿಸುವ ಜಾಲತಾಣವನ್ನು ನಡೆಸುವವರು ಪಾಲಿಸಿಯನ್ನು ಬಿಗಿಯಾಗಿಯೇ ಇಟ್ಟು, ಜೆಪೆಗ್, ಪಿಎನ್‌ಜಿ, ವೆಬ್‌ಪಿಗಳನ್ನು ಬಿಟ್ಟು ಉಳಿದೆಲ್ಲ ಬಗೆಗಳನ್ನು ಮುಚ್ಚಬೇಕು. ಬರೀ ಕುಗ್ಗಿಸುವ ಕೆಲಸವಷ್ಟೇ ಇದ್ದರೆ ಅಲ್ಲಿ ಲಿಬ್‌ವಿಪ್ಸ್ ಸಾಕು. ವಿಂಡೋಸ್ ಬಳಸುವವರು ಇಮೇಜ್‌ಮ್ಯಾಜಿಕ್‌ನ ಹಳೆಯ ಪಾಠಗಳಲ್ಲಿರುವ ‘ಕನ್ವರ್ಟ್’ ಆದೇಶವನ್ನು ಹಾಗೆಯೇ ನಕಲಿಸಬಾರದು, ಆ ಹೆಸರಿನಲ್ಲಿ ವಿಂಡೋಸ್‌ನದೇ ಆದ, ಡಿಸ್ಕಿನ ಕಡತ ವ್ಯವಸ್ಥೆಯನ್ನು ಎನ್‌ಟಿಎಫ್‌ಎಸ್‌ಗೆ ಬದಲಿಸುವ ಬೇರೊಂದು ಉಪಕರಣವಿದೆ. ಇಮೇಜ್‌ಮ್ಯಾಜಿಕ್‌ನ 7ನೇ ಆವೃತ್ತಿಯಲ್ಲಿ ‘ಮ್ಯಾಜಿಕ್’ ಎಂದೇ ಆರಂಭಿಸಬೇಕು. ಉಬುಂಟು 24.04ರಲ್ಲಿ ಇನ್ನೂ 6ನೇ ಆವೃತ್ತಿಯೇ ಬರುವುದರಿಂದ ಅಲ್ಲಿ ಹಳೆಯ ಹೆಸರೇ ನಡೆಯುತ್ತದೆ.